ಅಪ್ಪನ ಷೂ, ಏಳು ಗಡ್ಡೆ

ಡೂಹೋಮ, ಮೇಯೋ
೨ ಮಾರ್ಚ್ ೧೯೮೫

ಜಾರ್ಲತ್,

ಪಾರ್ಸೆಲ್ಲಿಗಿಂತ ಮೊದಲು ಈ ಕಾಗದ ನಿನಗೆ ಮುಟ್ಟಿದರೆ ಒಳ್ಳೆಯದು. ಪಾರ್ಸೆಲ್ಲಿನಲ್ಲಿ ಅಪ್ಪನ ಭಾನುವಾರದ ಷೂಗಳಿವೆ, ಕಂದು ಬಣ್ಣದವು. ಚರ್ಚಿನ ಪೂಜೆಗೆ ಹೋಗುವಾಗ ಬಿಟ್ಟರೆ ಬೇರೆ ಯಾವತ್ತೂ ಹಾಕಿದವನಲ್ಲ, ಅಟ್ಟೆ ಹೊಸದರ ಹಾಗೇ ಇದೆ. ಷೂಗಳ ಮೇಲೆ ಒಂದು ಡಬ್ಬಿಯಲ್ಲಿ ಮೂರೆಲೆಯ ಶ್ಯಾಮ್ರಾಕ್ ಚಿಗುರು ಇಟ್ಟಿದ್ದೇನೆ, ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ. ಬೇರಿನಲ್ಲಿ ಬೇಕೆಂದೇ ಮಣ್ಣು ಉಳಿಸಿದ್ದೇನೆ. ನಿಮ್ಮ ಕಡೆಯ ತಪಾಸಣೆಯವರು ಹೊರದೇಶದ ಮಣ್ಣು ಕಂಡರೆ ಹಾವು ಕಂಡ ಹಾಗೆ ಆಡುತ್ತಾರಂತೆ. ಅವರು ಆ ಚಿಗುರನ್ನು ಕಿತ್ತುಕೊಂಡು, ದೊಡ್ಡ ಕೆಲಸ ಮಾಡಿದೆವು ಅಂತ ಕೈ ತೊಳೆದುಕೊಂಡು ಮನೆಗೆ ಹೋಗಲಿ. ಷೂ ಒಳಗೆ ಯಾರೂ ಕೈ ಹಾಕುವುದಿಲ್ಲ. ಮುದುಕನೊಬ್ಬನ ಹಳೇ ಷೂ ಒಳಗೆ ಕೈ ಹಾಕುವ ಮನಸ್ಸು ಸರಕಾರಿ ನೌಕರರಿಗೂ ಬರುವುದಿಲ್ಲ.

ಷೂ ತುದಿಯಲ್ಲಿ, ಹಳೇ ಪೇಪರಿನಲ್ಲಿ ಸುತ್ತಿ, ನಮ್ಮ ಮಾರ್ಟಿನನ ಕಪ್ಪು ಆಲೂಗಡ್ಡೆ ಇಟ್ಟಿದ್ದೇನೆ. ಎಡಗಾಲಿನದರಲ್ಲಿ ನಾಲ್ಕು, ಬಲಗಾಲಿನದರಲ್ಲಿ ಮೂರು. ಹಿಡಿಸಲೆಂದು ಸಣ್ಣ ಗಡ್ಡೆಗಳನ್ನೇ ಆರಿಸಿದೆ.

ಯಾಕೆ ಅಂತ ನೀನು ಕೇಳುತ್ತೀಯ. ಅಜ್ಜ ಮಾರ್ಟಿನನಿಂದ ಅಪ್ಪ, ಅಪ್ಪನಿಂದ ನಾನು. ಈ ಊರಿನಲ್ಲಿ ಇನ್ನೊಬ್ಬರ ಹತ್ತಿರ ಈ ಬೀಜ ಇಲ್ಲ. ಎಲ್ಲರೂ ಅಂಗಡಿಯ ಚೀಲದಿಂದ ಬಿಳಿ ಆಲೂಗಡ್ಡೆ ತಂದು ನೆಡುತ್ತಾರೆ. ನನಗೆ ಈಗ ಸಲಿಕೆ ಹಿಡಿದರೆ ಸೊಂಟ ಮೂರು ದಿನ ಮಾತಾಡುತ್ತದೆ, ಈ ಸಲ ಎರಡೇ ಮಡಿ ಹಾಕುತ್ತೇನೆ. ಒಂದು ಕಡೆ ಮಾತ್ರ ಇದ್ದರೆ ಅದು ಇದ್ದ ಹಾಗಲ್ಲ. ಎರಡು ಕಡೆ ಇದ್ದರೆ ನಾನು ನಿಶ್ಚಿಂತೆಯಾಗಿರುತ್ತೇನೆ. ನಿನಗೆ ಹಿತ್ತಲಿದೆ ಅಂತ ನೀನೇ ಬರೆದಿದ್ದೆ. ನೆಡು, ಅಷ್ಟೇ.

ಷೂ ನಿನಗೆ ಆಗುತ್ತದೋ ಇಲ್ಲವೋ ಗೊತ್ತಿಲ್ಲ.

ಅಟ್ರಾಕ್ಟಾ


ಸ್ಪಿಯರ್‌ವುಡ್, ಪಶ್ಚಿಮ ಆಸ್ಟ್ರೇಲಿಯಾ
೨೪ ಮಾರ್ಚ್ ೧೯೮೫

ಅಟ್ರಾಕ್ಟಾ,

ಪಾರ್ಸೆಲ್ ನಿನ್ನ ಕಾಗದಕ್ಕಿಂತ ಎರಡು ದಿನ ಮೊದಲು ಬಂತು. ನೀನು ಎಣಿಸಿದ ಹಾಗೆಯೇ ಆಗಿದೆ. ಚಿಗುರಿನ ಡಬ್ಬಿ ಖಾಲಿ, ಅದರೊಳಗೆ ಅಚ್ಚು ಹಾಕಿದ ಒಂದು ಚೀಟಿ. ನನ್ನ ಒಳ್ಳೆಯದಕ್ಕೇ ತೆಗೆದುಕೊಂಡಿದ್ದಾರಂತೆ. ಷೂಗಳನ್ನು ಮುಟ್ಟಿಲ್ಲ.

ಡಬ್ಬ ಬಿಚ್ಚಿದ ಕೂಡಲೇ ಅಡುಗೆಮನೆಯ ತುಂಬ ನಮ್ಮ ಒಲೆಯ ಹೊಗೆ, ಅದರಡಿಯಲ್ಲಿ ಅಪ್ಪನ ಕಾಲಿನ ವಾಸನೆ. ಹತ್ತೊಂಬತ್ತು ವರ್ಷ ಮೂಗಿಗೆ ಬೀಳದೆ ಇದ್ದದ್ದು. ನಾನು ಕಿಟಕಿ ತೆರೆದೆ. ಹೊರಗೆ ಮೂವತ್ನಾಲ್ಕು ಡಿಗ್ರಿ ಬಿಸಿಲು. ಗಡ್ಡೆಗಳು ದಾರಿಯಲ್ಲೇ ಮೊಳಕೆ ಬಿಟ್ಟಿದ್ದವು. ಬಿಳಿಯ, ಬೆಳಕು ಕಾಣದ, ಹುಳುವಿನಂಥ ಮೊಳಕೆ. ಪೇಪರನ್ನು ತೂತು ಮಾಡಿ ಷೂವಿನ ಅಸ್ತರಿಗೆ ಅಂಟಿಕೊಂಡಿದ್ದವು. ಬೆರಳು ಹಾಕಿ ಬಿಡಿಸುವಾಗ ವಾಕರಿಕೆ ಬಂತು. ಇದನ್ನು ನಿನಗೆ ಬರೆಯುವುದಕ್ಕೆ ಸಂಕೋಚವಿಲ್ಲ. ನೀನು ಮಾಡಿದ್ದು ಇಲ್ಲಿ ಅಪರಾಧ ಅನ್ನುವುದನ್ನೂ ಬರೆದಿಡುತ್ತೇನೆ.

ಗಡ್ಡೆಗಳು ಮೊಟ್ಟೆಯ ಟ್ರೇಯಲ್ಲಿ ಕಿಟಕಿಯ ಕಟ್ಟೆಯ ಮೇಲಿವೆ. ಈಗ ನೆಟ್ಟರೆ ಮರಳಿನಲ್ಲೇ ಬೆಂದುಹೋಗುತ್ತವೆ. ಇಲ್ಲಿ ಚಳಿಗಾಲ ಶುರುವಾಗುವುದು ಜೂನ್‌ನಲ್ಲಿ. ಆಗ ನೋಡುತ್ತೇನೆ.

ತಡವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಎರಡು ದಿನ ಮೈ ಸರಿಯಿರಲಿಲ್ಲ. ತಿಂದದ್ದೇನೋ ಹಿಡಿಸಲಿಲ್ಲ. ಕಚೇರಿಗೂ ಹೋಗಲಿಲ್ಲ. ನಕ್ಷೆಯ ಮೇಜಿನ ಮೇಲೆ ನಾನು ಗೆರೆ ಎಳೆಯಬೇಕಾದ ನೀರಿನ ಕೊಳವೆಗಳು ನನಗಾಗಿ ಕಾದುಕೊಂಡು ಬಿದ್ದಿವೆ.

ಷೂ ದೊಡ್ಡದಾಯಿತು. ತುದಿಯಲ್ಲಿ ಎರಡು ಬೆರಳು ಜಾಗ ಉಳಿಯುತ್ತದೆ.

ಜಾರ್ಲತ್


ಡೂಹೋಮ
೯ ಏಪ್ರಿಲ್ ೧೯೮೫

ಜಾರ್ಲತ್,

ವಾಕರಿಕೆಯಂತೆ. ನೀನು ಹುಟ್ಟಿದಾಗಿಂದ ಹೀಗೇ.

ಶುಭ ಶುಕ್ರವಾರ ಎರಡೂ ಮಡಿ ನೆಟ್ಟೆ. ಅಪ್ಪ ಮಾಡುತ್ತಿದ್ದ ಹಾಗೇ ಮೊದಲ ಗಡ್ಡೆಗೆ ತೀರ್ಥ ಚಿಮುಕಿಸಿದೆ. ಕಡಲಪಾಚಿಯನ್ನು ಪಕ್ಕದ ಮನೆಯ ಪಾಡ್ರಿಗ್ ಟ್ರಾಕ್ಟರಿನಲ್ಲಿ ತಂದು ಸುರಿದ. "ಅಟ್ರಾಕ್ಟಾ, ಈ ಕಪ್ಪು ಗಡ್ಡೆಗೆ ಇಷ್ಟೆಲ್ಲ ಉಪಚಾರ ಮಾಡ್ತೀಯಲ್ಲ, ಇದರ ಅರ್ಧ ಮಾಡಿದ್ದರೆ ಯಾವನಾದರೂ ಗಂಡ ಸಿಗ್ತಿದ್ದ" ಅಂದ. "ಗಂಡನ್ನ ಬೇಯಿಸಿ ತಿನ್ನಕ್ಕಾಗಲ್ಲ ಕಣೋ" ಅಂದೆ. ಅರ್ಧ ದಿನ ಅದನ್ನೇ ಹೇಳಿಕೊಂಡು ನಕ್ಕ.

ತಿಂದದ್ದು ಹಿಡಿಸಲಿಲ್ಲ ಅಂತ ಬರೆದಿದ್ದೀಯ. ನಿನಗೆ ಯಾವಾಗ ಹಿಡಿಸಿತ್ತು? ನಾವೆಲ್ಲ ಸಿಪ್ಪೆಯ ಸಮೇತ ಬೇಯಿಸಿ ಬುಟ್ಟಿಗೆ ಸುರಿದು ತಿನ್ನುತ್ತಿದ್ದರೆ, ನೀನೊಬ್ಬ ಹಸಿ ಗಡ್ಡೆಯನ್ನೇ ಚಾಕುವಿನಲ್ಲಿ ಹೆಬ್ಬೆರಳಿನಷ್ಟು ದಪ್ಪಕ್ಕೆ ಹೆರೆದು, ಬೇರೆ ಪಾತ್ರೆಯಲ್ಲಿ ಬೇಯಿಸಿಕೊಳ್ಳುತ್ತಿದ್ದೆ. ಮಣ್ಣಿನ ವಾಸನೆ ಅಂತ. "ನಮ್ಮ ಹಂದಿಗೆ ಜಾರ್ಲತ್‌ಗಿಂತ ಒಳ್ಳೇ ಊಟ ಸಿಗ್ತಿದೆ" ಅಂತ ಅಪ್ಪ ಹೇಳಿ, ಆ ಸಿಪ್ಪೆಯನ್ನು ನಿನ್ನ ಕಣ್ಣೆದುರೇ ಎತ್ತಿಕೊಂಡು ಹೋಗಿ ಹಂದಿಗೆ ಹಾಕುತ್ತಿದ್ದ. ನೀನು ಅಳುತ್ತಿರಲಿಲ್ಲ. ಅಳುತ್ತಿದ್ದರೆ ಅವನು ಬಿಟ್ಟುಬಿಡುತ್ತಿದ್ದ ಅಂತ ನನಗೆ ಈಗ ಅನ್ನಿಸುತ್ತದೆ.

ನವೆಂಬರಿನಲ್ಲಿ ಅಪ್ಪ ಹೋದಾಗ ಯಾಕೆ ಬರಲಿಲ್ಲ ಅಂತ ನಾನು ಕೇಳುತ್ತಿಲ್ಲ. ಬುಧವಾರ ತಂತಿ, ಶುಕ್ರವಾರ ಮಣ್ಣು. ಅಲ್ಲಿಂದ ಯಾರಿಗೂ ಬಂದು ಮುಟ್ಟಲಾಗುತ್ತಿರಲಿಲ್ಲ. ಅದಕ್ಕೆ ಮುಂಚೆ ಅವನು ಹಾಸಿಗೆ ಹಿಡಿದಿದ್ದ ಎಂಟು ತಿಂಗಳ ವಿಷಯವೂ ಕೇಳುತ್ತಿಲ್ಲ.

ನೆಟ್ಟ ದಿನ ಬರೆ.

ಅಟ್ರಾಕ್ಟಾ


ಸ್ಪಿಯರ್‌ವುಡ್
೯ ಜೂನ್ ೧೯೮೫

ಅಟ್ರಾಕ್ಟಾ,

ನೆಟ್ಟೆ. ನಿನ್ನೆ ಶನಿವಾರ.

ಅಪ್ಪನ ಕ್ರಮದಲ್ಲೇ ಮಾಡಿದೆ. ನೆಲ ಅಗೆಯದೆ, ಹುಲ್ಲಿನ ಮೇಲೆ ಕಡಲಪಾಚಿ ಹಾಸಿ, ಅದರ ಮೇಲೆ ಗಡ್ಡೆ ಇಟ್ಟು, ಎರಡೂ ಬದಿಯ ಹುಲ್ಲುಹೆಂಟೆ ಕಡಿದು ಮಗುಚಿ ಹೊದಿಸುವುದು. ಮೇಯೋದ ಹಸಿ ನೆಲದಲ್ಲಿ ನೀರು ಬಸಿಯಲೆಂದು ಕಂಡುಕೊಂಡ ಉಪಾಯ. ಇಲ್ಲಿ ನೀರು ನಿಲ್ಲುವುದೇ ಇಲ್ಲ. ನೆಲವೆಲ್ಲ ಬೂದು ಮರಳು, ಹೆಂಟೆ ಮಗುಚಿದರೆ ಅರ್ಧ ಕೈಯಲ್ಲಿ, ಅರ್ಧ ಗಾಳಿಯಲ್ಲಿ. ಪಾಚಿಗೆಂದು ಮೂರು ಸಲ ಕಡಲತಡಿಗೆ ಹೋದೆ. ಕಾರಿನ ಹಿಂಬದಿಯಲ್ಲಿ ತಂದದ್ದು ಒಂದೇ ದಿನಕ್ಕೆ ಕೊಳೆತು, ಒಂದು ಜಾತಿಯ ಸಣ್ಣ ನೊಣ ಎದ್ದಿತು. ಕಾರು ಇನ್ನೂ ನಾರುತ್ತಿದೆ. ಕಚೇರಿಯಲ್ಲಿ ನನ್ನ ಪಕ್ಕದಲ್ಲಿ ಕೂರುವವನು ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿಕೊಂಡಿದ್ದಾನೆ.

ಬೇಲಿಯಾಚೆ ಜೋರ್ಕಾ ವ್ಲಾಹೊವ್ ಅಂತ ಒಬ್ಬಳು ಮುದುಕಿ ಇದ್ದಾಳೆ. ಡಾಲ್ಮೇಶಿಯಾ ಕಡಲತೀರದಿಂದ ವಲಸೆ ಬಂದವಳು. ನಲವತ್ತು ವರ್ಷದಿಂದ ಇಲ್ಲಿ ತರಕಾರಿ ಬೆಳೆಯುತ್ತಾಳೆ. ಮೊಣಕೈ ಊರಿ ನಿಂತು ನೋಡಿದಳು.

"ಏನಪ್ಪಾ ಐರಿಷ್, ಯಾರನ್ನ ಹೂಳ್ತಿದೀಯ?"

"ಆಲೂಗಡ್ಡೆ."

"ಆಲೂಗಡ್ಡೆಗೆ ಇಷ್ಟು ದುಃಖ ಯಾಕಪ್ಪ? ತೂತು ಮಾಡು, ಹಾಕು, ಒಳಗೆ ಹೋಗಿ ಕಾಫಿ ಕುಡಿ."

"ನಮ್ಮ ಕಡೆ ಹೀಗೆ."

"ನಿಮ್ಮ ಕಡೆ ಹೀಗೆ ಮಾಡೇ ಎಲ್ಲರೂ ಈ ಕಡೆ ಬಂದಿದ್ದು."

ಅಡುಗೆಮನೆಯ ಕಸವನ್ನು ನಾನು ಅವಳ ಕೋಳಿಗಳಿಗೆ ಕೊಡುತ್ತೇನೆ. ಅದರ ಬಗ್ಗೆಯೂ ಒಂದು ಮಾತು ಸಿಕ್ಕಿತು. "ನನ್ನ ಕೋಳಿಗಳಿಗೆ ಸೊಕ್ಕೇನಿಲ್ಲ. ಆದರೂ ನೀನು ಕೊಡೋದರಲ್ಲಿ ಅರ್ಧ ತಿನ್ನಲ್ಲ, ಕೆದರಿ ಹೂತುಹಾಕ್ತವೆ. ಏನು ತಿಂತೀಯ ನೀನು?"

ಮಡಿಯನ್ನು ಸಂಜೆ ಇನ್ನೊಮ್ಮೆ ನೋಡಿದೆ. ಅವಳು ಹೇಳಿದ್ದು ಸರಿ. ಆರು ಅಡಿ ಉದ್ದ, ಎರಡೂವರೆ ಅಗಲ, ನಡುವೆ ಉಬ್ಬು. ಅಡುಗೆಮನೆಯ ಕಿಟಕಿಗೆ ನೇರವಾಗಿದೆ. ತೊಳೆಯುವ ತೊಟ್ಟಿಯ ಮುಂದೆ ನಿಂತಾಗಲೆಲ್ಲ ಕಾಣುತ್ತದೆ.

ಜಾರ್ಲತ್


ಡೂಹೋಮ
೩೦ ಜೂನ್ ೧೯೮೫

ಜಾರ್ಲತ್,

ಏಳೂ ನೆಟ್ಟೆಯಾ? ಎಷ್ಟು ಮೊಳೆತವು? ಕಾಂಡದ ಬಣ್ಣ ನೋಡು. ಬುಡ ನೇರಳೆಯಾಗಿದ್ದರೆ ಅದೇ. ಬರೆಯುವಾಗ ಇದನ್ನು ಮರೆಯಬೇಡ.

ಇಲ್ಲಿ ಮಳೆ. ಮೇ ಹನ್ನೆರಡರಿಂದ ಈವರೆಗೆ ನಾಲ್ಕೇ ದಿನ ಬಿಡುವು ಕೊಟ್ಟಿದೆ. ಒಣಗಿಸಿ ಒಲೆಗೆ ಹಾಕಲೆಂದು ಜೌಗಿನಲ್ಲಿ ಕಡಿದಿಟ್ಟ ಮಣ್ಣುಹೆಂಟೆಗಳು ಒಣಗುವ ಬದಲು ಮತ್ತೆ ಜೌಗೇ ಆಗುತ್ತಿವೆ. ರೇಡಿಯೋದಲ್ಲಿ ಹವಾಮಾನ ಆದ ಮೇಲೆ ಆಲೂಗಡ್ಡೆ ಕೊಳೆಸುವ ಅಂಗಮಾರಿ ರೋಗದ ಎಚ್ಚರಿಕೆ ಓದುತ್ತಾರಲ್ಲ, ಅದನ್ನು ಈಗ ದಿನಾ ಓದುತ್ತಿದ್ದಾರೆ. ಮೈಲುತುತ್ತ ಕರಗಿಸಿ ಎರಡು ಸಲ ಹೊಡೆದೆ. ಎರಡು ಸಲವೂ ಸಂಜೆಗೆ ಮಳೆ ತೊಳೆದುಕೊಂಡು ಹೋಯಿತು. ನನ್ನ ಕೈ ಮಾತ್ರ ನೀಲಿ.

ಗಿಡ ಚೆನ್ನಾಗಿದೆ. ಹೂ ಬಂದಿದೆ.

ಅಟ್ರಾಕ್ಟಾ


ಸ್ಪಿಯರ್‌ವುಡ್
೨೧ ಜುಲೈ ೧೯೮೫

ಅಟ್ರಾಕ್ಟಾ,

ಇದನ್ನು ಚಳಿಗಾಲ ಅಂತ ಕರೆಯುವುದಕ್ಕೆ ಇವರಿಗೆ ನಾಚಿಕೆಯಾಗಬೇಕು.

ಬೆಳಿಗ್ಗೆ ಎದ್ದರೆ ಬಿಸಿಲು. ಮಳೆ ಬಂದರೆ ಇಪ್ಪತ್ತು ನಿಮಿಷ, ಆಮೇಲೆ ಮತ್ತೆ ಬಿಸಿಲು, ತಪ್ಪು ಮಾಡಿದವನು ಹಲ್ಲುಗಿಂಜಿದ ಹಾಗೆ. ಹಿತ್ತಲಿನ ನಿಂಬೆಮರಕ್ಕೆ ನಾನು ಹತ್ತು ವರ್ಷದಲ್ಲಿ ಒಂದು ಹಿಡಿ ಗೊಬ್ಬರ ಹಾಕಿದವನಲ್ಲ. ಕೊಂಬೆ ಮುರಿಯುವಷ್ಟು ಹಣ್ಣು ಹೊತ್ತು ನಿಂತಿದೆ. ಯಾರಿಗೆ ಕೊಡುವುದು? ಬೀದಿಯ ಪ್ರತಿ ಮನೆಯ ಗೇಟಿನ ಮುಂದೂ ನಿಂಬೆಹಣ್ಣಿನ ಡಬ್ಬ ಇಟ್ಟಿದ್ದಾರೆ, ಬೇಕಾದವರು ಒಯ್ಯಿರಿ ಅಂತ. ಒಯ್ಯುವವರಿಲ್ಲ. ಬಿದ್ದವು ಕೆಳಭಾಗದಲ್ಲಿ ಹಸಿರು ಬೂಷ್ಟು ಕಟ್ಟಿ ಕೂತಿರುತ್ತವೆ. ಎತ್ತಿದರೆ ಬೆರಳು ಒಳಗೇ ಹೋಗುತ್ತದೆ. ಬೇಸಿಗೆಯಲ್ಲಿ ಕೊಳೆತ ಟೊಮೇಟೊ ಎಸೆದ ಜಾಗದಲ್ಲಿ ತಾನೇ ಗಿಡ ಎದ್ದು, ಜುಲೈ ತಿಂಗಳಲ್ಲಿ, ಹಣ್ಣು ಬಿಟ್ಟಿದೆ. ನೀರಿನಂಥ ಹಣ್ಣು. ನನಗೆ ಅದನ್ನು ಕಿತ್ತು ತಿನ್ನಲು ಹೇಸಿಗೆಯಾಗುತ್ತದೆ. ಕಷ್ಟಪಡದೆ ಬಂದದ್ದಕ್ಕೆ ಹೇಸುವುದನ್ನು ನನಗೆ ಯಾರು ಕಲಿಸಿದರು ಅಂತ ನಿನಗೆ ಗೊತ್ತು.

ಇನ್ನೊಂದು ಹೇಳುತ್ತೇನೆ. ಹಿತ್ತಲಿನ ತುಂಬ ಒಂದು ಕಳೆ. ಮೂರೆಲೆಯ ಹುಳಿಸೊಪ್ಪು, ಹಳದಿ ಹೂ. ದೂರದಿಂದ ನೋಡಿದರೆ ಶ್ಯಾಮ್ರಾಕ್. ಎಷ್ಟು ಕಿತ್ತರೂ ಬುಡದಲ್ಲಿ ಮಣಿಯಂಥ ಗಡ್ಡೆ ಉಳಿದು ಮತ್ತೆ ಬರುತ್ತದೆ. ನೀನು ಕಳಿಸಿದ ಒಂದು ಹಿಡಿ ಚಿಗುರನ್ನು ನನ್ನ ಒಳ್ಳೆಯದಕ್ಕೆಂದು ಸುಟ್ಟುಹಾಕಿದವರು ಈ ಇಡೀ ಊರನ್ನು ಇದಕ್ಕೆ ಬಿಟ್ಟುಕೊಟ್ಟಿದ್ದಾರೆ.

ಬೆಳಕು ಹರಿಯುವಾಗ ಬಸವನಹುಳು ಹೆಕ್ಕುತ್ತೇನೆ. ಒಂದು ಬಕೆಟ್ ಉಪ್ಪುನೀರು. ಅವು ನೊರೆ ಕಾರುವುದನ್ನು ನಿಂತು ನೋಡುತ್ತೇನೆ. ನೋಡುವ ಅಗತ್ಯವಿಲ್ಲ.

"ಅದನ್ನ ಬೆಣ್ಣೆ ಬೆಳ್ಳುಳ್ಳಿ ಹಾಕಿ ಹುರಿದರೆ ಊಟ ಆಗುತ್ತೆ, ನೀನು ಸಾಯಿಸಿ ಮುಖ ಕಿವುಚ್ತೀಯ" ಅಂತಾಳೆ ಜೋರ್ಕಾ.

ಏಳರಲ್ಲಿ ಏಳೂ ಮೊಳೆತಿವೆ. ಮರಳಿನಲ್ಲಿ, ಗಬ್ಬು ಪಾಚಿಯ ಮೇಲೆ, ಒಂದು ರೋಗವಿಲ್ಲದೆ, ಮೊಣಕಾಲೆತ್ತರ. ಕಾಂಡ ನೇರಳೆ. ನೀನು ಕೇಳಿದೆ, ಹೇಳಿದೆ.

ಜಾರ್ಲತ್


ಡೂಹೋಮ
೧೮ ಆಗಸ್ಟ್ ೧೯೮೫

ಜಾರ್ಲತ್,

ಹೋಯಿತು.

ಈ ತಿಂಗಳ ಮೊದಲ ವಾರ ಎಲೆಯ ಅಂಚಿನಲ್ಲಿ ಕಪ್ಪು ಮಚ್ಚೆ ಕಂಡಿತು. ಕಿತ್ತೆ. ಮೂರನೇ ಸಲ, ನಾಲ್ಕನೇ ಸಲ ಹೊಡೆದೆ. ಗುರುವಾರ ಬೆಳಿಗ್ಗೆ ಬಾಗಿಲು ತೆಗೆದಾಗ ವಾಸನೆ ಬಂತು. ನೋಡುವ ಮೊದಲೇ ಗೊತ್ತಾಯಿತು. ಆ ವಾಸನೆ ಹೇಗಿರುತ್ತದೆ ಅಂತ ನಿನಗೆ ಬರೆಯಬೇಕಾಗಿಲ್ಲ. ನಿನಗೆ ಎಂಟು ವರ್ಷವಿದ್ದಾಗ ಒಂದು ಸಲ ಬಂದಿತ್ತು, ಅಪ್ಪ ಎರಡು ದಿನ ಮನೆಯೊಳಗೆ ಬರಲಿಲ್ಲ.

ಎರಡೂ ಮಡಿಯನ್ನು ನಾನೇ ಅಗೆದೆ. ಪಾಡ್ರಿಗ್ "ನಾನು ಅಗೀತೀನಿ, ನೀನು ಒಳಗೆ ಹೋಗು" ಅಂದ. ಬಿಡಲಿಲ್ಲ. ಸಲಿಕೆ ಊರಿದರೆ ಗಡ್ಡೆ ತಾಗಬೇಕಾದ ಕಡೆ ಏನೂ ತಾಗುವುದಿಲ್ಲ, ಲೋಳೆ. ಕೈ ಹಾಕಿ ಹುಡುಕಿದೆ. ಹನ್ನೊಂದು ಗಟ್ಟಿಯಾಗಿದ್ದವು. ಒರೆಸಿ, ಹುಲ್ಲಿನ ಮೇಲೆ ಒಂದಕ್ಕೊಂದು ತಾಗದ ಹಾಗೆ ಅಟ್ಟದಲ್ಲಿಟ್ಟೆ. ಇವತ್ತು ಬೆಳಿಗ್ಗೆ ಕೊನೆಯದೂ ಒಡೆಯಿತು. ಹುಲ್ಲಿನ ಸಮೇತ ಸುಟ್ಟೆ. ನನ್ನ ಕೈಯ ವಾಸನೆ ಹೋಗುತ್ತಿಲ್ಲ. ಸೋಪು, ಉಪ್ಪು, ಸೀಮೆಎಣ್ಣೆ ಎಲ್ಲ ಆಯಿತು. ಬ್ರೆಡ್ಡನ್ನು ಚಮಚದ ತುದಿಯಲ್ಲಿ ಎತ್ತಿ ತಿನ್ನುತ್ತಿದ್ದೇನೆ.

ನಾನು ಅತ್ತಿಲ್ಲ. ಯಾಕೆಂದರೆ ನಿನ್ನ ಹತ್ತಿರ ಏಳು ಗಿಡ ಇವೆ, ಕಾಂಡ ನೇರಳೆ.

ನವೆಂಬರ್ ಹದಿನಾರಕ್ಕೆ ಅಪ್ಪನ ವರ್ಷದ ಪೂಜೆ. ನೀನು ಬರಬೇಕು. ಸುಮ್ಮನೆ ಬಾ ಅಂದರೆ ನೀನು ಬರುವವನಲ್ಲ, ಅದಕ್ಕೇ ಹೀಗೆ ಹೇಳುತ್ತೇನೆ: ಎರಡು ಗಡ್ಡೆ ತೆಗೆದುಕೊಂಡು ಬಾ. ಎರಡೂ ಬೇಡ, ಒಂದು ಸಾಕು. ಒಂದರಲ್ಲಿ ಮೊಳೆಯುವ ಕಣ್ಣು ನಾಲ್ಕಿದ್ದರೆ ನಾಲ್ಕು ಗಿಡ, ಮೂರು ವರ್ಷದಲ್ಲಿ ಒಂದು ಮಡಿ.

ಅಟ್ರಾಕ್ಟಾ


ಡೂಹೋಮ
೮ ಸೆಪ್ಟೆಂಬರ್ ೧೯೮೫

ಜಾರ್ಲತ್,

ಮೂರು ವಾರ ಆಯಿತು. ಬರಲಾಗುವುದಿಲ್ಲ ಅಂತಾದರೆ ಹಾಗೆ ಬರೆ. ಷೂ ಕಳಿಸಿದ ಹಾಗೆ ನೀನೂ ಏನಾದರೂ ಕಳಿಸು, ದಾರಿ ನಾನು ತೋರಿಸಿಕೊಟ್ಟಿದ್ದೇನೆ. ಸುಮ್ಮನಿರಬೇಡ. ಸುಮ್ಮನಿರುವುದನ್ನು ಈ ಮನೆಯಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಅಟ್ರಾಕ್ಟಾ


ಸ್ಪಿಯರ್‌ವುಡ್
೨೨ ಸೆಪ್ಟೆಂಬರ್ ೧೯೮೫

ಅಟ್ರಾಕ್ಟಾ,

ಗಡ್ಡೆಗಳು ಇಲ್ಲ. ಮಾರ್ಚ್‌ನಿಂದಲೂ ಇಲ್ಲ.

ಪಾರ್ಸೆಲ್ ಬಂದ ಸಂಜೆ ನಾನು ಅವನ್ನು ತಿಂದೆ.

ಇದನ್ನು ಮೃದುವಾಗಿ ಹೇಳುವ ದಾರಿ ಇದೆಯೇ ಅಂತ ನಾಲ್ಕು ಹಾಳೆ ಹರಿದೆ. ಇಲ್ಲ. ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಏಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಮೊಳಕೆ ಮುರಿದೆ. ಹೆರೆದೆ. ಬೇಯಿಸಿದೆ. ಸ್ಟವ್ ಮುಂದೆ ನಿಂತುಕೊಂಡೇ ತಿಂದೆ, ಉಪ್ಪು ಮಾತ್ರ ಹಾಕಿಕೊಂಡು. ಮೊಳೆತ ಗಡ್ಡೆಗೆ ವಿಷ ಏರಿತ್ತು. ಕಹಿ, ಗಂಟಲು ಸುಡುವ ಕಹಿ. ಎರಡನೆಯದಕ್ಕೇ ಗೊತ್ತಾಗಿತ್ತು ಇದು ತಿನ್ನುವಂಥದ್ದಲ್ಲ ಅಂತ. ಏಳನ್ನೂ ಮುಗಿಸಿದೆ. ಆಮೇಲೆ ಎರಡು ದಿನ ಬಚ್ಚಲು ಬಿಟ್ಟು ಏಳಲಿಲ್ಲ.

ಹಸಿವಾಗಿರಲಿಲ್ಲ. ಅದನ್ನು ನೀನು ತಿಳಿದಿರಬೇಕು. ನಮ್ಮ ಜನ ಬೀಜದ ಗಡ್ಡೆ ತಿಂದದ್ದು ದೊಡ್ಡ ಕ್ಷಾಮದಲ್ಲಿ, ಮಕ್ಕಳು ಸಾಯುವಾಗ. ಆಗಲೂ ಕಣ್ಣು ಇರುವ ತುಂಡು ಕತ್ತರಿಸಿಟ್ಟು ಉಳಿದದ್ದನ್ನು ತಿಂದರು. ನಾನು ಒಂದು ಬುಧವಾರ, ಸಂಬಳದ ಕೆಲಸವಿರುವವನು, ಫ್ರಿಜ್ಜಿನಲ್ಲಿ ಮಾಂಸ ಇಟ್ಟುಕೊಂಡು ತಿಂದೆ. ಅಜ್ಜನಿಂದ ಅಪ್ಪ, ಅಪ್ಪನಿಂದ ನೀನು, ಈಗ ನಾನು. ಆ ಸಾಲು ನನ್ನ ಅಡುಗೆಮನೆಯಲ್ಲಿ ಬಂದು ನಿಂತಿತ್ತು, ಅವನ ಷೂ ಹಾಕಿಕೊಂಡು. ಅದನ್ನು ಮುಗಿಸಿಬಿಡಬೇಕು ಅನ್ನಿಸಿತು. ನಿನ್ನ ಹತ್ತಿರ ಇನ್ನೂ ಬೀಜ ಇರುತ್ತದೆ, ಏನೂ ಹೋಗುವುದಿಲ್ಲ ಅಂತಲೂ ಅನ್ನಿಸಿತು. ಎರಡೂ ನಿಜ.

ಜೂನ್‌ನಲ್ಲಿ ನೆಟ್ಟದ್ದು ಅಂಗಡಿಯ ಬಿಳಿ ಗಡ್ಡೆ. ನಿನಗೆ ಬರೆಯುವುದಕ್ಕೆ ಒಂದು ಮಡಿ ಬೇಕಿತ್ತು. ಪಾಚಿ ನಿಜ, ನೊಣ ನಿಜ, ಜೋರ್ಕಾ ಹೇಳಿದ್ದೆಲ್ಲ ನಿಜ. ಕಾಂಡ ಹಸಿರು. ನೇರಳೆ ಅಂತ ಬರೆದು ಲಕೋಟೆ ಅಂಟಿಸುವಾಗ ನನ್ನ ನಾಲಿಗೆಗೆ ಆ ಕಹಿ ಮತ್ತೆ ಬಂತು. ಹೋದ ವಾರ ಅದನ್ನು ಅಗೆದೆ. ಒಂದು ಚೀಲದ ತುಂಬ ಗಡ್ಡೆ, ಒಂದರಲ್ಲೂ ಕಲೆಯಿಲ್ಲ, ಸೋಪಿನ ತುಂಡುಗಳ ಹಾಗೆ. ಬೀದಿಗೆ, ನಿಂಬೆಹಣ್ಣಿನ ಪಕ್ಕದಲ್ಲಿಟ್ಟೆ. ಅದನ್ನು ಒಯ್ದರು.

ಅಪ್ಪನ ಆ ಎಂಟು ತಿಂಗಳಲ್ಲಿ ನಾನು ಎರಡು ಸಲ ಟಿಕೆಟ್ ಕಚೇರಿಯ ಬಾಗಿಲಿನವರೆಗೆ ಹೋಗಿದ್ದೆ. ಬಾಗಿಲಿನವರೆಗೆ ಹೋಗುವುದು ಹೋಗಿದ್ದಲ್ಲ.

ಇನ್ನು ನೀನು ಬರೆಯಬೇಕಾಗಿಲ್ಲ.

ಜಾರ್ಲತ್


ಡೂಹೋಮ
೨ ಅಕ್ಟೋಬರ್ ೧೯೮೫

ಹೆರೆದೆ ಅಂತ ಬರೆದಿದ್ದೀಯ. ಬೇಯಿಸುವ ಮುಂಚೆ. ಆ ಸಿಪ್ಪೆ ಎಲ್ಲಿ ಹಾಕಿದೆ?

ಅ.


ಸ್ಪಿಯರ್‌ವುಡ್
೧೩ ಅಕ್ಟೋಬರ್ ೧೯೮೫

ಅಟ್ರಾಕ್ಟಾ,

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು. ಬೈಗುಳ ಎಷ್ಟು ಹಾಳೆ ಇರಬಹುದು ಅಂತ ಲಕೋಟೆಯನ್ನು ಕೈಯಲ್ಲಿ ತೂಗಿದೆ. ಒಂದೇ ಸಾಲು ಓದಿ ಕುರ್ಚಿಯ ಮೇಲೆ ಕೂತೆ. ಆಮೇಲೆ ಜೋರ್ಕಾಳ ಮನೆಗೆ ಹೋದೆ. ಹತ್ತು ವರ್ಷದಲ್ಲಿ ಬೇಲಿ ದಾಟಿ ಹೋದದ್ದು ಇದೇ ಮೊದಲು.

"ಮಾರ್ಚ್‌ನಲ್ಲಿ ನಾನು ಕೊಟ್ಟ ಕಸ ಏನು ಮಾಡಿದೆ?" ಅಂದೆ.

"ಮಾರ್ಚ್‌ನಲ್ಲಿ ಕೊಟ್ಟ ಕಸ ಅಕ್ಟೋಬರ್‌ನಲ್ಲಿ ವಾಪಸ್ ಕೇಳ್ತಿದೀಯಾ? ನಿಮ್ಮ ದೇಶದ ಜಿಪುಣತನ ಕೇಳಿದ್ದೆ, ಇಷ್ಟು ಅಂತ ಗೊತ್ತಿರಲಿಲ್ಲ."

"ಆಲೂಗಡ್ಡೆ ಸಿಪ್ಪೆ, ಜೋರ್ಕಾ. ಕಪ್ಪು ಸಿಪ್ಪೆ."

ಅವಳು ಮುಂದೆ ತಮಾಷೆ ಮಾಡಲಿಲ್ಲ. ರಬ್ಬರ್ ಬೂಟು ಹಾಕಿಕೊಂಡು ಕೋಳಿಗೂಡಿನ ಹಿಂದಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಹಿಕ್ಕೆಯನ್ನು ಗುಡ್ಡೆ ಹಾಕುತ್ತಾಳೆ. ಅಮೋನಿಯಾ ಕಣ್ಣಿಗೆ ಹೊಡೆಯಿತು. ಪುಕ್ಕ, ಒಡೆದ ಮೊಟ್ಟೆ, ಒಂದು ಸತ್ತ ಕೋಳಿಯ ಕಾಲು, ಎಲ್ಲದರ ಮೇಲೆ ಹಸಿರು ನೊಣ. ಗುಡ್ಡೆಯ ಅಂಚಿನಲ್ಲಿ ಒಣಗಿ ಬಾಗಿದ ಒಂದು ಗಿಡ.

"ಕಳೆ ಅಂತ ಎರಡು ಸಲ ಕಿತ್ತೆ. ಮತ್ತೆ ಬಂತು. ಹೂ ಬಿಟ್ಟ ಮೇಲೆ ಬಿಟ್ಟುಬಿಟ್ಟೆ, ಚೆನ್ನಾಗಿತ್ತು ನೋಡೋಕೆ."

ಬುಡ ನೋಡಿದೆ. ಒಣಗಿದ್ದರೂ ನೇರಳೆ.

ಸಲಿಕೆ ಕೇಳಲಿಲ್ಲ. ತಾಗಿ ಕತ್ತರಿಸಿದರೆ ಅನ್ನುವ ಭಯ. ಕೈ ಹಾಕಿದೆ, ಮೊಣಕೈವರೆಗೆ. ಬೆಚ್ಚಗೆ, ಹಿಟ್ಟಿನ ಹಾಗೆ, ಉಗುರಿನ ಸಂದಿಯಲ್ಲೆಲ್ಲ ಸೇರಿಕೊಂಡಿತು. ಪಕ್ಕಕ್ಕೆ ತಿರುಗಿ ವಾಂತಿ ಮಾಡಿದೆ, ಮತ್ತೆ ಕೈ ಹಾಕಿದೆ. "ಬಿಡಪ್ಪ, ನಾನು ತೆಗೀತೀನಿ" ಅಂದಳು ಜೋರ್ಕಾ. ಬಿಡಲಿಲ್ಲ. ಐದು ಸಿಕ್ಕವು. ದೊಡ್ಡದು ಅಕ್ರೋಟಿನಷ್ಟು, ಉಳಿದವು ಅದಕ್ಕಿಂತ ಸಣ್ಣವು. ನಲ್ಲಿಯ ಕೆಳಗೆ ತೊಳೆದಾಗ ಕಪ್ಪಾಗಿ ಹೊಳೆದವು. ಒಂದನ್ನು ಉಗುರಿನಿಂದ ಗೀರಿದೆ. ಬಿಳಿ, ಅದರೊಳಗೆ ನೇರಳೆಯ ಉಂಗುರ.

ನಾನು ಕಿಟಕಿಗೆ ಎದುರಾಗಿ ಅಪ್ಪನ ಕ್ರಮದಲ್ಲಿ ಮಡಿ ಕಟ್ಟಿ, ಕಡಲಪಾಚಿ ಹೊತ್ತು, ಬಸವನಹುಳು ಹೆಕ್ಕುತ್ತಿದ್ದಾಗ ಅವನ ಬೀಜ ಬೇಲಿಯಾಚೆ ಕೋಳಿ ಹಿಕ್ಕೆಯಲ್ಲಿ ಯಾರ ಸಹಾಯವೂ ಇಲ್ಲದೆ ಬೆಳೆಯುತ್ತಿತ್ತು. ಈ ನೆಲದ ಸೋಂಬೇರಿ ಔದಾರ್ಯ ಅವನಿಗೂ ತಾಗಿತು. ನನಗೆ ಇದರಿಂದ ಸಂತೋಷವಾಗಬೇಕು. ಆಗಿದ್ದು ಅವಮಾನ. ಹೆಬ್ಬೆರಳು ದಪ್ಪಕ್ಕೆ ಹೆರೆಯುವ ಹುಡುಗನಿಗೆ ಅವನು ಅಷ್ಟು ಬೈಯಬಾರದಿತ್ತು ಅಂತಲೂ ಅನ್ನಿಸಿತು. ತೆಳ್ಳಗೆ ಹೆರೆದಿದ್ದರೆ ಸಿಪ್ಪೆಯಲ್ಲಿ ಮೊಳೆಯುವ ಕಣ್ಣು ಉಳಿಯುತ್ತಿರಲಿಲ್ಲ.

ಮೂರನ್ನು ಜೋರ್ಕಾಳಿಗೆ ಕೊಟ್ಟೆ. ತೂತು ಮಾಡಿ, ಹಾಕಿ, ಕಾಫಿ ಕುಡಿಯುತ್ತಾಳಂತೆ. ಒಂದು ನನ್ನ ಕಿಟಕಿಯ ಕಟ್ಟೆಯ ಮೇಲೆ, ಮೊಟ್ಟೆಯ ಟ್ರೇಯಲ್ಲಿದೆ. ಈ ಸಲ ನಿಜವಾಗಿ.

ನವೆಂಬರ್ ಹದಿನಾಲ್ಕಕ್ಕೆ ಬರುತ್ತೇನೆ. ಟಿಕೆಟ್ ಕಚೇರಿ ನಾಳೆ ತೆರೆಯುತ್ತದೆ, ಬಾಗಿಲು ದಾಟುತ್ತೇನೆ. ನಿಮ್ಮ ಕಡೆಯ ತಪಾಸಣೆಯವರಿಗೂ ಮಣ್ಣು ಕಂಡರೆ ಆಗುವುದಿಲ್ಲವಂತೆ. ಪೆಟ್ಟಿಗೆ ತೆರೆದ ಕೂಡಲೇ ಕಾಣುವ ಹಾಗೆ, ಅಂಗಿಗಳ ಮೇಲೆ, ನಮ್ಮ ಹಿತ್ತಲಿನ ಮೂರೆಲೆಯ ಹುಳಿಸೊಪ್ಪನ್ನು ಬೇರು ಸಮೇತ ಒಂದು ಡಬ್ಬಿಯಲ್ಲಿ ಇಡುತ್ತೇನೆ. ಅದನ್ನು ಕಿತ್ತುಕೊಂಡು ಅವರು ಮನೆಗೆ ಹೋಗಲಿ.

ನಿಲ್ದಾಣದಲ್ಲಿ ನಾನು ಕುಂಟುತ್ತಾ ಬಂದರೆ ಗಾಬರಿಯಾಗಬೇಡ. ಅಪ್ಪನ ಷೂ ಹಾಕಿಕೊಂಡಿರುತ್ತೇನೆ. ಎಡಗಾಲಿನ ತುದಿಯಲ್ಲಿ ಎರಡು ಬೆರಳು ಜಾಗವಿದೆ.

ಜಾರ್ಲತ್